8 ಕಿಲೋ ಒಗೆತ, 5 ಕಿಲೋ ಒಣಗು: ಒಂದೇ ಡ್ರಮ್ಮಿನ ವಾಷರ್-ಡ್ರೈಯರ್ ಒಳಗೆ ನಡೆಯುವುದೇನು?

ಬಾಲ್ಕನಿ ಇಲ್ಲ, ತಾರಸಿಗೆ ಹೋಗುವಂತಿಲ್ಲ, ಕೋಣೆಯೊಳಗೆ ಹಗ್ಗ ಕಟ್ಟಿದರೆ ಓಡಾಡಲು ಜಾಗವಿಲ್ಲ. ಸಣ್ಣ ಅಪಾರ್ಟ್‌ಮೆಂಟಿಗೆ ಬಂದವರಿಗೆ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ತಲೆನೋವು ಎಂಬುದು ಬೇಗ ಗೊತ್ತಾಗುತ್ತದೆ. ಆಗ ಕಣ್ಣಿಗೆ ಬೀಳುವುದು ವಾಷರ್-ಡ್ರೈಯರ್. ಕೊಳೆ ಬಟ್ಟೆ ಹಾಕಿ ಬಟನ್ ಒತ್ತಿದರೆ ಸಾಕು, ಒಣಗಿದ ಬಟ್ಟೆಯನ್ನೇ ತೆಗೆದುಕೊಳ್ಳಬಹುದು ಎನ್ನುವ ಯಂತ್ರ.

ಅದು ಸುಳ್ಳೇನಲ್ಲ. ಆದರೂ ಕೊಂಡ ಹೊಸತರಲ್ಲಿ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತೆರನವು: ಐದು ಗಂಟೆಯಾದರೂ ಮುಗಿಯಲಿಲ್ಲ, ಬಟ್ಟೆ ಬಿಸಿಯಾಗಿದೆ ಆದರೆ ಒಣಗಿಲ್ಲ, ಎಲ್ಲ ಮುದುರಿ ಮುದ್ದೆಯಾಗಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಯಂತ್ರ ಕೆಟ್ಟಿರುವುದು ಕಾರಣವಲ್ಲ. ಬಟ್ಟೆಯಲ್ಲಿನ ನೀರನ್ನು ಅದು ಹೇಗೆ ತೆಗೆಯುತ್ತದೆ ಎಂದು ತಿಳಿದರೆ ದೂರುಗಳಿಗೆ ಉತ್ತರವೂ ಅಲ್ಲೇ ಸಿಗುತ್ತದೆ.

## ಮೊದಲು ಒಂದು ಗೊಂದಲ ಬಗೆಹರಿಯಲಿ

ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನಲ್ಲಿ ಎರಡು ತೊಟ್ಟಿ ಇರುತ್ತವೆ. ಎರಡನೆಯದನ್ನು ನಾವು ಸಲೀಸಾಗಿ ಡ್ರೈಯರ್ ಎಂದು ಕರೆಯುತ್ತೇವೆ. ಅದು ಒಣಗಿಸುವುದಿಲ್ಲ, ಬಟ್ಟೆಯನ್ನು ಗಿರ್ರನೆ ತಿರುಗಿಸಿ ಹಿಂಡುತ್ತದೆ ಅಷ್ಟೆ. ಕೆಲವು ಟಾಪ್ ಲೋಡ್ ಮೆಷಿನ್ನುಗಳಲ್ಲಿ ‘ಏರ್ ಡ್ರೈ’ ಎಂಬ ಬಟನ್ ಇರುತ್ತದೆ, ಅದೂ ಶಾಖವಿಲ್ಲದೆ ಗಾಳಿ ಎಳೆದುಕೊಂಡು ಇನ್ನಷ್ಟು ಹೊತ್ತು ತಿರುಗಿಸುವ ಏರ್ಪಾಟು. ಇವೆರಡರಲ್ಲೂ ಕೊನೆಗೆ ಬಟ್ಟೆಯನ್ನು ಹಗ್ಗದ ಮೇಲೆ ಹಾಕಲೇಬೇಕು.

ವಾಷರ್-ಡ್ರೈಯರ್ ಬೇರೆ. ಹೊರಗಿನಿಂದ ಮಾಮೂಲಿ ಫ್ರಂಟ್ ಲೋಡ್ ಮೆಷಿನ್ ಥರವೇ ಕಾಣುತ್ತದೆ. ಆದರೆ ಡ್ರಮ್ಮಿನ ಮೇಲ್ಭಾಗದಲ್ಲಿ ಒಂದು ಫ್ಯಾನು, ಗಾಳಿ ಕಾಯಿಸುವ ಒಂದು ಹೀಟರ್, ಹಿಂಭಾಗದಲ್ಲಿ ತೇವದ ಗಾಳಿಯಿಂದ ನೀರು ಬೇರ್ಪಡಿಸುವ ಒಂದು ಕೊಳವೆ ಹೆಚ್ಚುವರಿಯಾಗಿ ಇರುತ್ತವೆ. ಒಗೆದು, ಜಾಲಿಸಿ, ಹಿಂಡಿದ ಮೇಲೆ ಅದೇ ಡ್ರಮ್ಮಿನೊಳಗೆ ಬಿಸಿಗಾಳಿ ಹಾಯಿಸಿ ಒಣಗಿಸುತ್ತದೆ. ಇದು ಹೊಸ ಕಲ್ಪನೆಯೇನೂ ಅಲ್ಲ. 1950ರ ದಶಕದಲ್ಲೇ ಅಮೆರಿಕದ ಬೆಂಡಿಕ್ಸ್ ಕಂಪನಿ ‘ಡ್ಯುಯೊಮ್ಯಾಟಿಕ್’ ಎಂಬ ಹೆಸರಿನಲ್ಲಿ ಇಂಥ ಯಂತ್ರವನ್ನು ಮಾರಿತ್ತು. ಮನೆಗಳು ಸಣ್ಣದಾಗುತ್ತಿರುವಲ್ಲೆಲ್ಲ ಅದಕ್ಕೆ ಈಗ ಮತ್ತೆ ಬೇಡಿಕೆ ಬಂದಿದೆ.

## ಸ್ಟಿಕ್ಕರ್ ಮೇಲಿನ ಎರಡು ಅಂಕಿಗಳು

ಮೆಷಿನ್ನಿನ ಮುಖದ ಮೇಲೆ 8/5, 9/6 ಅಥವಾ 10/7 ಎಂದು ಬರೆದಿರುತ್ತದೆ. ಮೊದಲನೆಯದು ಎಷ್ಟು ಕಿಲೋ ಬಟ್ಟೆ ಒಗೆಯಬಹುದು ಎಂಬುದು, ಎರಡನೆಯದು ಎಷ್ಟು ಕಿಲೋ ಒಣಗಿಸಬಹುದು ಎಂಬುದು. ಎರಡೂ ಲೆಕ್ಕ ಒಣ ಬಟ್ಟೆಯ ತೂಕದ್ದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮಿಂಚುವುದು ಮೊದಲನೆಯದು. ನಿಮ್ಮ ದಿನಚರಿಯನ್ನು ನಿರ್ಧರಿಸುವುದು ಮಾತ್ರ ಎರಡನೆಯದು.

ಒಂದೇ ಡ್ರಮ್ಮಿಗೆ ಎರಡು ಅಳತೆ ಯಾಕೆ? ಒಗೆಯುವಾಗ ಬಟ್ಟೆ ನೀರು ಕುಡಿದು ಕುಸಿಯುತ್ತದೆ, ಹೆಚ್ಚು ಜಾಗ ಬೇಡುವುದಿಲ್ಲ. ಒಂದರ ಮೇಲೊಂದು ಬಿದ್ದು ಉಜ್ಜಿಕೊಂಡರೆ ಕೊಳೆ ಹೋಗುವುದಕ್ಕೆ ಒಳ್ಳೆಯದೇ. ಒಣಗಿಸುವಾಗ ಇದು ತಲೆಕೆಳಗಾಗುತ್ತದೆ. ಬಟ್ಟೆ ಬಿಡಿಬಿಡಿಯಾಗಿ ಮೇಲೆದ್ದು ಬೀಳಬೇಕು, ಪ್ರತಿ ಸಲ ಬೀಳುವಾಗಲೂ ಅದರ ಎಲ್ಲ ಮಗ್ಗುಲಿಗೂ ಬಿಸಿಗಾಳಿ ತಾಗಬೇಕು. ಒಣಗುತ್ತಾ ಹೋದಂತೆ ಬಟ್ಟೆ ಉಬ್ಬುವುದರಿಂದ ಜಾಗ ಇನ್ನೂ ಕಡಿಮೆಯಾಗುತ್ತದೆ. ಪ್ರತ್ಯೇಕ ಡ್ರೈಯರುಗಳಲ್ಲಿ ಡ್ರಮ್ ಸಾಮಾನ್ಯವಾಗಿ ಹೆಚ್ಚು ದೊಡ್ಡದಿರುವುದು ಇದಕ್ಕೇ. ವಾಷರ್-ಡ್ರೈಯರಿನಲ್ಲಿ ಡ್ರಮ್ಮಿನ ಸುತ್ತ ನೀರು ಹಿಡಿಯುವ ಇನ್ನೊಂದು ತೊಟ್ಟಿ, ಅದರ ಸುತ್ತ ಸ್ಪ್ರಿಂಗು, ಭಾರದ ಕಲ್ಲು ಎಲ್ಲ 60 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ ಕೂರಬೇಕು. ಡ್ರಮ್ಮಿಗೆ ಉಳಿಯುವುದು ಉಳಿದ ಜಾಗ ಮಾತ್ರ.

ಹಾಗಾಗಿ 8 ಕಿಲೋ ಒಗೆದು ಅಷ್ಟನ್ನೂ ಒಣಗಿಸಲು ಬಿಟ್ಟರೆ ಮಧ್ಯದ ಬಟ್ಟೆಗಳಿಗೆ ಗಾಳಿಯೇ ಮುಟ್ಟುವುದಿಲ್ಲ. ಹೊರಗಿನವು ಕಾದು ಗರಿಗರಿ, ಒಳಗಿನವು ಹಸಿ. ತುಂಬ ಹೊತ್ತು ಓಡಿಸಿದರೂ ಇದೇ ಕತೆ.

ಕಿಲೋ ಲೆಕ್ಕವನ್ನು ಕಣ್ಣಂದಾಜಿಗೆ ತರಬೇಕೆಂದರೆ: ಒಂದು ಜೀನ್ಸ್ ಪ್ಯಾಂಟ್ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ತೂಗುತ್ತದೆ, ದಪ್ಪ ಸ್ನಾನದ ಟವೆಲ್ ಅರ್ಧ ಕಿಲೋ ಆಸುಪಾಸು, ಟೀ ಶರ್ಟ್ 150ರಿಂದ 200 ಗ್ರಾಂ. ಎರಡು ಜೀನ್ಸ್, ಮೂರು ಟವೆಲ್, ಏಳೆಂಟು ಟೀ ಶರ್ಟ್, ಒಂದಿಷ್ಟು ಒಳಉಡುಪು ಸೇರಿದರೆ ಆಗಲೇ 5 ಕಿಲೋ ಹತ್ತಿರ ಬಂದಿರಿ. ಡ್ರಮ್ಮಿಗೆ ಹಾಕಿದಾಗ ಅರ್ಧದಷ್ಟು ಖಾಲಿ ಕಾಣುತ್ತದೆ, ಇನ್ನೂ ನಾಲ್ಕು ತುರುಕೋಣ ಅನ್ನಿಸುತ್ತದೆ. ತುರುಕಬಾರದು.

## ನೀರು ಹೋಗುವುದೆಲ್ಲಿಗೆ?

ಬಟ್ಟೆಯಿಂದ ಆವಿಯಾದ ನೀರನ್ನು ಎಲ್ಲಿಗಾದರೂ ಸಾಗಿಸಬೇಕು. ಹಳೆಯ ಮಾದರಿಯ ಪ್ರತ್ಯೇಕ ಡ್ರೈಯರುಗಳು ಅದನ್ನು ದಪ್ಪ ಪೈಪಿನ ಮೂಲಕ ಮನೆಯ ಹೊರಗೆ ಊದುತ್ತವೆ. ಗೋಡೆಗೆ ತೂತು ಕೊರೆಯಬೇಕಾದ ಈ ಏರ್ಪಾಟು ಬಾಡಿಗೆ ಮನೆಗೆ ಒಗ್ಗುವುದಿಲ್ಲ. ವಾಷರ್-ಡ್ರೈಯರುಗಳಲ್ಲಿ ಹೆಚ್ಚಿನವು ಗಾಳಿಯನ್ನು ಹೊರಗೆ ಬಿಡುವುದೇ ಇಲ್ಲ. ಅದೇ ಗಾಳಿಯನ್ನು ಒಳಗೊಳಗೇ ಸುತ್ತಿಸುತ್ತವೆ: ಕಾಯಿಸಿ ಬಟ್ಟೆಯ ಮೇಲೆ ಹಾಯಿಸುತ್ತವೆ, ತೇವ ಹೀರಿಕೊಂಡು ಬಂದ ಗಾಳಿಯನ್ನು ತಂಪು ಮಾಡಿ ನೀರಿಳಿಸುತ್ತವೆ, ಮತ್ತೆ ಕಾಯಿಸುತ್ತವೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದಿಲ್ಲವೇ, ಅದೇ ಸಂಗತಿ ಇಲ್ಲಿ ಪೈಪಿನೊಳಗೆ ನಡೆಯುತ್ತದೆ. ಇಳಿದ ನೀರನ್ನು ಪಂಪು ಕೊಳೆನೀರಿನ ಪೈಪಿಗೇ ತಳ್ಳುತ್ತದೆ. ನೀರು ತುಂಬಿದ ಟ್ರೇ ಎತ್ತಿ ಚೆಲ್ಲುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ.

ಈ ತಂಪು ಮಾಡುವ ಕೆಲಸ ಹೇಗೆ ನಡೆಯುತ್ತದೆ ಎಂಬುದರ ಮೇಲೆ ನಿಮ್ಮ ನೀರು ಮತ್ತು ಕರೆಂಟಿನ ಖರ್ಚು ನಿಂತಿದೆ.

ಬಹಳಷ್ಟು ಯಂತ್ರಗಳು ನಲ್ಲಿಯ ತಣ್ಣೀರನ್ನೇ ಬಳಸುತ್ತವೆ. ಡ್ರಮ್ಮಿನ ಹಿಂದಿರುವ ಕೊಳವೆಯೊಳಗೆ ಸಣ್ಣ ಧಾರೆಯಾಗಿ ನೀರು ಇಳಿಯುತ್ತದೆ, ಬಿಸಿ ತೇವದ ಗಾಳಿ ಅದಕ್ಕೆ ತಾಗಿ ತಣ್ಣಗಾಗುತ್ತದೆ. ಹಾಗೆ ಇಳಿದ ನೀರು ಬಟ್ಟೆಯನ್ನು ಮುಟ್ಟುವುದೇ ಇಲ್ಲ, ನೇರ ಮೋರಿಗೆ ಹೋಗುತ್ತದೆ. ಎಷ್ಟು ಬೇಕಾಗಬಹುದು ಎಂದು ಸ್ಥೂಲ ಲೆಕ್ಕ ಹಾಕಬಹುದು. ಬಟ್ಟೆಯಿಂದ ಎರಡೂವರೆ ಲೀಟರ್ ನೀರು ಆವಿಯಾಗಿ ಮತ್ತೆ ನೀರಾಗಬೇಕಿದ್ದರೆ, 25 ಡಿಗ್ರಿಯಲ್ಲಿ ಒಳಬಂದು 55 ಡಿಗ್ರಿಯಲ್ಲಿ ಹೊರಹೋಗುವ ನೀರು ಸುಮಾರು 50 ಲೀಟರ್ ಬೇಕು. ಒಗೆತಕ್ಕೆ ಬೇಕಾದಷ್ಟೇ ನೀರು ಒಣಗಿಸುವುದಕ್ಕೂ ಖರ್ಚಾಗಬಹುದು ಎಂದಾಯಿತು! ನೀರಿನಿಂದ ಒಣಗಿಸುವುದು ಎಂದರೆ ನಗು ಬರುತ್ತದೆ, ಆದರೆ ನಡೆಯುವುದು ಅದೇ.

ಇದರಿಂದ ದಿನಬಳಕೆಗೆ ಒಂದು ಮುಖ್ಯ ಪಾಠ: ಒಗೆತ ಮುಗಿಯಿತೆಂದು ನಲ್ಲಿ ತಿರುಗಿಸಿ ಮುಚ್ಚಬೇಡಿ. ಇಂಥ ಯಂತ್ರ ಒಣಗಿಸುವಾಗಲೂ ನಲ್ಲಿ ತೆರೆದಿರಬೇಕು. ಮುಚ್ಚಿದ್ದರೆ ಫ್ಯಾನು ತಿರುಗುತ್ತದೆ, ಹೀಟರ್ ಕಾಯುತ್ತದೆ, ಗಾಜಿನ ಬಾಗಿಲು ಕೈ ಸುಡುವಷ್ಟು ಬಿಸಿಯಾಗುತ್ತದೆ; ಬಟ್ಟೆ ಮಾತ್ರ ಹಬೆಯಲ್ಲಿ ಬೆಂದಂತೆ ಬಿಸಿಯಾಗಿ, ಹಸಿಯಾಗಿಯೇ ಇರುತ್ತದೆ. ಟ್ಯಾಂಕಿನ ನೀರು ಬೇಸಿಗೆಯಲ್ಲಿ ಕಾದು ಬರುತ್ತಿದ್ದರೂ ಇದೇ ತೊಂದರೆ ಸ್ವಲ್ಪ ಮಟ್ಟಿಗೆ ಆಗುತ್ತದೆ, ಒಣಗುವ ಹೊತ್ತು ಲಂಬಿಸುತ್ತದೆ.

ಎರಡನೆಯ ಬಗೆಯಲ್ಲಿ ನೀರಿನ ಬದಲು ಕೋಣೆಯ ಗಾಳಿಯಿಂದ ತಂಪು ಮಾಡಲಾಗುತ್ತದೆ. ನೀರು ಉಳಿಯುತ್ತದೆ. ಆದರೆ ಆ ಶಾಖವೆಲ್ಲ ಕೋಣೆಗೆ ಬರುತ್ತದೆ. ಚಳಿಯಲ್ಲಿ ಹಿತ, ಸೆಕೆಯಲ್ಲಿ ಕಿರಿಕಿರಿ.

ಮೂರನೆಯದು ಹೀಟ್ ಪಂಪ್. ಫ್ರಿಜ್ಜಿನಲ್ಲಿರುವ ಕಂಪ್ರೆಸರ್ ವ್ಯವಸ್ಥೆಯೇ ಇಲ್ಲೂ ಇರುತ್ತದೆ. ಅದರ ಒಂದು ತುದಿ ತಣ್ಣಗೆ, ಇನ್ನೊಂದು ತುದಿ ಬಿಸಿ. ತೇವದ ಗಾಳಿ ಮೊದಲು ತಣ್ಣನೆಯ ತುದಿಗೆ ತಾಗಿ ನೀರಿಳಿಸುತ್ತದೆ, ಆಗ ಬಿಟ್ಟುಕೊಟ್ಟ ಶಾಖವನ್ನೇ ಬಿಸಿ ತುದಿಯಲ್ಲಿ ಮರಳಿ ಪಡೆಯುತ್ತದೆ. ಅಂದರೆ ಶಾಖವನ್ನು ಮೋರಿಗೆ ಚೆಲ್ಲದೆ ಮತ್ತೆ ಮತ್ತೆ ದುಡಿಸಿಕೊಳ್ಳುವ ಜಾಣತನ. ಒಣಗಿಸುವ ಕರೆಂಟು ಹೀಟರ್ ಯಂತ್ರಗಳಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ತಂಪಿಗೆಂದು ನಲ್ಲಿನೀರು ಬೇಕಿಲ್ಲ. ಡ್ರಮ್ಮಿನೊಳಗಿನ ಗಾಳಿ 50 ಡಿಗ್ರಿ ಆಸುಪಾಸಿನಲ್ಲೇ ಇರುವುದರಿಂದ ಬಟ್ಟೆಯ ಬಾಳಿಕೆಗೂ ಒಳ್ಳೆಯದು. ಕೊಳ್ಳುವ ಬೆಲೆ ಹೆಚ್ಚು, ಒಳಗಿನ ಭಾಗಗಳೂ ಹೆಚ್ಚು. ಜಿಇ ಪ್ರೊಫೈಲ್ ಎಂಬ ಅಮೆರಿಕದ ಬ್ರ್ಯಾಂಡ್ 2023ರಲ್ಲಿ ತಂದ ದೊಡ್ಡ ಡ್ರಮ್ಮಿನ ಹೀಟ್ ಪಂಪ್ ಮಾದರಿ ಸುಮಾರು 2 ಗಂಟೆಯಲ್ಲಿ ಒಗೆದು ಒಣಗಿಸುತ್ತದೆ ಎಂದು ಕಂಪನಿ ಹೇಳಿದ ಮೇಲೆ ಈ ಬಗೆಗೆ ಆಸಕ್ತಿ ಹೆಚ್ಚಿತು. ಹಳೆಯ ವಾಷರ್-ಡ್ರೈಯರುಗಳ ಜೊತೆ ಹೋಲಿಸಿದರೆ ಅದು ದೊಡ್ಡ ಜಿಗಿತವೇ.

## ಇಷ್ಟು ಹೊತ್ತು ಯಾಕೆ?

ಹೀಟರ್ ಇರುವ ಮಾಮೂಲಿ ಯಂತ್ರದಲ್ಲಿ ಒಗೆದು ಒಣಗಿಸಲು 4ರಿಂದ 6 ಗಂಟೆ ಬೇಕು. ಒಗೆತಕ್ಕೆ ಒಂದೂವರೆಯಿಂದ ಎರಡು ಗಂಟೆ, ಉಳಿದದ್ದೆಲ್ಲ ಒಣಗಿಸುವುದಕ್ಕೆ.

ಕಾರಣ ನೀರಿನ ಸ್ವಭಾವದಲ್ಲೇ ಇದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಎಷ್ಟು ಶಾಖ ಬೇಕೋ, ಆ ಕುದಿನೀರನ್ನು ಪೂರ್ತಿ ಆವಿ ಮಾಡಲು ಅದರ ಸುಮಾರು 7 ಪಟ್ಟು ಬೇಕು. ಕುದಿಸದೆ ಬಿಸಿಗಾಳಿಯಲ್ಲಿ ಆವಿ ಮಾಡಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ: ಲೀಟರಿಗೆ ಸುಮಾರು 0.65 ಯೂನಿಟ್ ಕರೆಂಟು. 5 ಕಿಲೋ ಹತ್ತಿಬಟ್ಟೆ ಚೆನ್ನಾಗಿ ಹಿಂಡಿದ ಮೇಲೂ ಎರಡೂವರೆ ಲೀಟರ್ ನೀರು ಹಿಡಿದಿರುತ್ತದೆ. ಅದನ್ನು ಆವಿ ಮಾಡಲು ಕಡಿಮೆಯೆಂದರೂ 1.6 ಯೂನಿಟ್. 1500 ವಾಟ್ ಹೀಟರಿನ ಶಾಖ ಒಂದಿಷ್ಟೂ ಪೋಲಾಗದೆ ನೀರಿಗೇ ತಾಗಿದರೂ ಒಂದು ಗಂಟೆಯ ಮೇಲಾಗುತ್ತದೆ. ವಾಸ್ತವದಲ್ಲಿ ಡ್ರಮ್, ತೊಟ್ಟಿ, ಬಾಗಿಲು, ತಂಪಿನ ನೀರು ಎಲ್ಲವೂ ತಮ್ಮ ಪಾಲು ಕಸಿದುಕೊಳ್ಳುತ್ತವೆ. ಹೊತ್ತೂ ಕರೆಂಟೂ ಅದರ ಎರಡು ಪಟ್ಟಿಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಏರುವುದು ಹೀಗೆ.

ಇಲ್ಲಿಯೇ ಸ್ಪಿನ್ ವೇಗದ ಮಹತ್ವ ಗೊತ್ತಾಗುವುದು. ಅರ್ಧ ಮೀಟರ್ ಅಗಲದ ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗಿದಾಗ ಅಂಚಿನಲ್ಲಿರುವ ಬಟ್ಟೆಯ ಮೇಲೆ ಗುರುತ್ವದ ಸುಮಾರು 400 ಪಟ್ಟು ಬಲ ಬೀಳುತ್ತದೆ. 1400 ಸುತ್ತಿಗೆ ಅದು 550 ಪಟ್ಟು ದಾಟುವಷ್ಟರಲ್ಲಿರುತ್ತದೆ. ನೀರು ಡ್ರಮ್ಮಿನ ತೂತುಗಳಿಂದ ಸಿಡಿದು ಹೋಗುತ್ತದೆ. 800 ಸುತ್ತಿನಲ್ಲಿ ಹಿಂಡಿದ ಹತ್ತಿಬಟ್ಟೆ ತನ್ನ ತೂಕದ ಶೇ 70ರಷ್ಟು ನೀರು ಉಳಿಸಿಕೊಂಡರೆ, 1400ರಲ್ಲಿ ಶೇ 50ರ ಆಸುಪಾಸು. 5 ಕಿಲೋ ಬಟ್ಟೆಗೆ ಇದು ಒಂದು ಲೀಟರಿನ ವ್ಯತ್ಯಾಸ. ಆ ಒಂದು ಲೀಟರನ್ನು ಮೋಟರು ಕೆಲವೇ ನಿಮಿಷಗಳಲ್ಲಿ ಅತ್ಯಲ್ಪ ಕರೆಂಟಿನಲ್ಲಿ ಕೊಡವಿಹಾಕುತ್ತದೆ. ಅದೇ ಕೆಲಸ ಹೀಟರಿಗೆ ಬಿಟ್ಟರೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಸದ್ದಾಗುತ್ತದೆಂದು ಸ್ಪಿನ್ ಕಡಿಮೆ ಮಾಡಿ ಆಮೇಲೆ ಒಣಗಿಸಲು ಬಿಡುವುದು ಎರಡು ಕಡೆಯೂ ನಷ್ಟ. ನಾಜೂಕು ಬಟ್ಟೆಗಳ ಹೊರತು ಉಳಿದವಕ್ಕೆ ಯಂತ್ರ ಕೊಡುವ ಅತಿ ಹೆಚ್ಚಿನ ವೇಗವನ್ನೇ ಇಡಿ.

ಹೊತ್ತಿನ ವಿಷಯದಲ್ಲಿ ಇನ್ನೊಂದು ಮಿತಿ ಇದೆ. ಎರಡು ಯಂತ್ರಗಳಿದ್ದರೆ ಒಂದು ಸರದಿ ಒಣಗುತ್ತಿರುವಾಗ ಮುಂದಿನದನ್ನು ಒಗೆಯಬಹುದು. ಇಲ್ಲಿ ಇರುವುದು ಒಂದೇ ಡ್ರಮ್. ವಾರದ ಬಟ್ಟೆಯನ್ನೆಲ್ಲ ರಜಾದಿನಕ್ಕೆ ಕೂಡಿಟ್ಟು ಮೂರು ಸರದಿ ಹಾಕಹೊರಟರೆ ಬೆಳಗಿನಿಂದ ರಾತ್ರಿಯವರೆಗೂ ಯಂತ್ರದ ಮುಂದೆಯೇ ಇರಬೇಕಾದೀತು. ವಾಷರ್-ಡ್ರೈಯರ್ ಜೊತೆ ನೆಮ್ಮದಿಯಾಗಿ ಇರುವವರು ಸಾಮಾನ್ಯವಾಗಿ ದಿನವೋ ದಿನ ಬಿಟ್ಟು ದಿನವೋ ಸಣ್ಣ ಸರದಿ ಹಾಕುವವರು.

## ಬಣ್ಣಕ್ಕಿಂತ ದಪ್ಪ ನೋಡಿ ವಿಂಗಡಿಸಿ

ಬಿಳಿ ಬೇರೆ, ಬಣ್ಣದ್ದು ಬೇರೆ ಎಂದು ವಿಂಗಡಿಸುವುದು ಎಲ್ಲರಿಗೂ ರೂಢಿ. ಒಣಗಿಸುವ ಯಂತ್ರಕ್ಕೆ ಇನ್ನೊಂದು ವಿಂಗಡಣೆಯೂ ಬೇಕು: ನೀರು ಹೆಚ್ಚು ಹಿಡಿಯುವ ಬಟ್ಟೆ ಯಾವುದು, ಹಿಡಿಯದ್ದು ಯಾವುದು ಎಂಬುದು.

ಹತ್ತಿಯ ನಾರು ನೀರನ್ನು ತನ್ನೊಳಗೇ ಸೇರಿಸಿಕೊಳ್ಳುತ್ತದೆ. ಒಣಗಿದೆ ಎಂದು ನಾವು ಮಡಿಸಿಡುವ ಹತ್ತಿಬಟ್ಟೆಯಲ್ಲೂ ಅದರ ತೂಕದ ಶೇ 8ರಷ್ಟು ತೇವ ಸಹಜವಾಗಿಯೇ ಇರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಶೇ ಅರ್ಧಕ್ಕೂ ಕಡಿಮೆ. ಪಾಲಿಯೆಸ್ಟರ್ ಜರ್ಸಿಯನ್ನು ಸ್ಪಿನ್ ಆದ ಕೂಡಲೇ ಮುಟ್ಟಿ ನೋಡಿ, ಬರೀ ತಣ್ಣಗಿರುತ್ತದೆ. ಅದನ್ನು ಹ್ಯಾಂಗರಿಗೆ ಹಾಕಿ ಬಾಗಿಲ ಹಿಂದೆ ತೂಗುಬಿಟ್ಟರೆ ಕೆಲವೇ ಗಂಟೆಯಲ್ಲಿ ಒಣಗುತ್ತದೆ. ಅಂಥದ್ದನ್ನು ಟವೆಲ್ ಜೊತೆ ಸುತ್ತಿಸಿದರೆ ಟವೆಲ್ ಒಣಗುವಷ್ಟರಲ್ಲಿ ಜರ್ಸಿ ಅತಿಯಾಗಿ ಕಾದು ಮೈಗಂಟುವ ಸ್ಥಿರವಿದ್ಯುತ್ ತುಂಬಿಕೊಂಡಿರುತ್ತದೆ.

ಹೀಗಾಗಿ ಕೈಗೆ ಒಗ್ಗುವ ಕ್ರಮ ಇದು. ಯಂತ್ರದ ಪೂರ್ತಿ ಒಗೆತದ ಅಳತೆ ಬಳಸಿಕೊಳ್ಳಬೇಕೆಂದಿದ್ದರೆ ಮೊದಲು ಒಗೆತ ಮಾತ್ರ ಆಯ್ದುಕೊಳ್ಳಿ. ಮುಗಿದ ಮೇಲೆ ಬಾಗಿಲು ತೆಗೆದು ತೆಳು ಬಟ್ಟೆ, ಸಿಂಥೆಟಿಕ್, ಇಸ್ತ್ರಿ ಬೇಕಾಗುವ ಶರ್ಟುಗಳನ್ನು ಹೊರತೆಗೆದು ಹ್ಯಾಂಗರಿಗೆ ಹಾಕಿ. ಟವೆಲ್, ಜೀನ್ಸ್, ದಪ್ಪ ಹತ್ತಿಬಟ್ಟೆ ಒಳಗೇ ಇರಲಿ. ಅವನ್ನು ಒಂದು ಸಲ ಕೈಯಿಂದ ಬಿಡಿಸಿ ಕೊಡವಿ, ಆಮೇಲೆ ಒಣಗಿಸುವ ಬಟನ್ ಒತ್ತಿ. ಈ ಕೊಡವುವ ಎರಡು ನಿಮಿಷಕ್ಕೆ ಬೆಲೆಯಿದೆ, ಯಾಕೆಂದರೆ ಜೋರಾಗಿ ಸ್ಪಿನ್ ಆದ ಬಟ್ಟೆ ಡ್ರಮ್ಮಿನ ಗೋಡೆಗೆ ಬಳೆಯ ಹಾಗೆ ಅಂಟಿಕೊಂಡಿರುತ್ತದೆ. ಅದು ಬಿಡಿಸಿಕೊಳ್ಳದಿದ್ದರೆ ಒಳಮಗ್ಗುಲು ಮಾತ್ರ ಒಣಗುತ್ತಾ ಹೋಗುತ್ತದೆ.

ಬಟನ್ ಒತ್ತಿ ಹೊರಗೆ ಹೋಗಬೇಕು, ಮಧ್ಯೆ ನೋಡಲು ಯಾರೂ ಇರುವುದಿಲ್ಲ ಎಂದಾದರೆ ಮೊದಲೇ ಒಣಗಿಸುವ ಅಳತೆಯಷ್ಟೇ ಹಾಕಿ. 8/5 ಯಂತ್ರಕ್ಕೆ 5 ಕಿಲೋ. ಅದಕ್ಕೂ ಕಡಿಮೆ, ನಾಲ್ಕರ ಹತ್ತಿರ ಹಾಕಿದರೆ ಸುಕ್ಕು ಕಡಿಮೆ, ಹೊತ್ತೂ ಕಡಿಮೆ.

ಹೊದಿಕೆಯ ಕವರು, ದಿಂಬಿನ ಕವರುಗಳ ವಿಷಯವೇ ಬೇರೆ. ಅವು ತಿರುಗುತ್ತಾ ಬಾಯಿ ತೆರೆದು ಉಳಿದ ಬಟ್ಟೆಗಳನ್ನೆಲ್ಲ ನುಂಗಿ ಉಂಡೆ ಕಟ್ಟುತ್ತವೆ. ಗುಂಡಿ, ಜಿಪ್ ಹಾಕಿಯೇ ಒಳಗೆ ಬಿಡಿ. ದೊಡ್ಡ ಹಾಸನ್ನು ಒಣಗಿಸುವಾಗ ಅದರ ಜೊತೆ ಹೆಚ್ಚೇನೂ ಇರದಿದ್ದರೆ ಒಳ್ಳೆಯದು.

## ಒಣಗಿದೆ ಎಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ಎರಡು ದಾರಿ. ಒಂದು, ನೀವು ನಿಗದಿ ಮಾಡಿದ ಹೊತ್ತು: 60 ನಿಮಿಷ, 120 ನಿಮಿಷ. ಇನ್ನೊಂದು, ಸೆನ್ಸರ್. ಬಟ್ಟೆಯಲ್ಲಿ ನೀರಿರುವ ತನಕ ಶಾಖವೆಲ್ಲ ಆವಿ ಮಾಡಲು ಖರ್ಚಾಗಿ ಗಾಳಿಯ ಉಷ್ಣತೆ ಒಂದು ಮಟ್ಟದಲ್ಲಿ ನಿಂತಿರುತ್ತದೆ, ನೀರು ಮುಗಿದಂತೆ ಏರತೊಡಗುತ್ತದೆ. ಆ ಏರಿಕೆಯನ್ನು ಹಿಡಿದು ಯಂತ್ರ ನಿಲ್ಲುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಎರಡು ಲೋಹದ ಪಟ್ಟಿಗಳಿರುತ್ತವೆ, ಒದ್ದೆ ಬಟ್ಟೆ ತಾಗಿದಾಗ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿಯುತ್ತದೆ, ಒಣಗಿದರೆ ಹರಿಯುವುದಿಲ್ಲ. ಸಾಫ್ಟ್‌ನರ್ ಹೆಚ್ಚು ಬಳಸಿದರೆ ಅದರ ಪದರ ಈ ಪಟ್ಟಿಗಳ ಮೇಲೆ ಕೂತು ಲೆಕ್ಕ ತಪ್ಪಿಸಬಹುದು. ಟವೆಲ್ ನೀರು ಹೀರುವ ಗುಣವೂ ಸಾಫ್ಟ್‌ನರಿನಿಂದ ಕುಗ್ಗುತ್ತದೆ.

ಯಾವ ಸೆನ್ಸರ್ ಇದ್ದರೂ ಅದು ನೋಡುವುದು ಒಟ್ಟು ಸರಾಸರಿಯನ್ನು. ಜೀನ್ಸಿನ ಸೊಂಟಪಟ್ಟಿ, ಜೇಬಿನ ಒಳಪದರ, ಹೂಡಿ ಅಂಗಿಯ ಟೋಪಿ ಕೊನೆಗೆ ತುಸು ಹಸಿ ಉಳಿಯುವುದು ಅದಕ್ಕೇ. ಜೀನ್ಸನ್ನು ಒಳಮೈ ಹೊರಗೆ ಮಾಡಿ ಹಾಕಿದರೆ ಜೇಬಿಗೆ ಗಾಳಿ ತಾಗುತ್ತದೆ.

ಇನ್ನೊಂದು ಮೋಸ ನಮ್ಮ ಕೈಯದ್ದೇ. ಮುಚ್ಚಿದ ಡ್ರಮ್ಮಿನಿಂದ ಆಗಷ್ಟೇ ತೆಗೆದ ಬಟ್ಟೆ ಬಿಸಿ ಹಬೆಯಿಂದ ಕೂಡಿರುವುದರಿಂದ ಹಸಿ ಅನ್ನಿಸುತ್ತದೆ. ಒಮ್ಮೆ ಕೊಡವಿ, ಐದು ನಿಮಿಷ ಕುರ್ಚಿಯ ಮೇಲೆ ಹರವಿ ಮುಟ್ಟಿ ನೋಡಿ. ಆಗಲೂ ತೇವವಿದ್ದರೆ ಮತ್ತೆ 20 ನಿಮಿಷ ಹಾಕಬಹುದು. ತೆಗೆಯುವುದನ್ನು ಮಾತ್ರ ಮುಂದೂಡಬೇಡಿ. ಬಿಸಿ ಬಟ್ಟೆ ರಾಶಿಯಾಗಿ ತಣ್ಣಗಾದರೆ ಆ ಸುಕ್ಕುಗಳೇ ಖಾಯಂ ಆಗುತ್ತವೆ, ಆಮೇಲೆ ಇಸ್ತ್ರಿಯೇ ಗತಿ.

## ಒಳಗೆ ಹಾಕಬಾರದವು

ಬಟ್ಟೆಯ ಲೇಬಲ್ಲಿನಲ್ಲಿ ಚೌಕದೊಳಗೆ ವೃತ್ತವಿದ್ದರೆ ಅದು ಡ್ರೈಯರಿನ ಚಿಹ್ನೆ. ವೃತ್ತದೊಳಗೆ ಒಂದು ಚುಕ್ಕಿ ಇದ್ದರೆ 60 ಡಿಗ್ರಿ ಮೀರದ ಕಡಿಮೆ ಶಾಖ, ಎರಡಿದ್ದರೆ 80 ಡಿಗ್ರಿವರೆಗೆ ಮಾಮೂಲಿ ಶಾಖ. ಮೇಲೆ ಅಡ್ಡಗೆರೆಗಳ ಕಾಟು ಇದ್ದರೆ ಡ್ರೈಯರಿಗೆ ಹಾಕುವಂತಿಲ್ಲ. ಉಣ್ಣೆ, ರೇಷ್ಮೆ, ಹೆಚ್ಚು ಎಲಾಸ್ಟಿಕ್ ಇರುವ ಒಳಉಡುಪು, ರಬ್ಬರ್ ತಳದ ಕಾಲೊರಸು, ಫೋಮ್ ತುಂಬಿದವು ಹೊರಗೇ ಇರಲಿ.

ಎಣ್ಣೆ ಹಿಡಿದ ಬಟ್ಟೆಯ ಬಗ್ಗೆ ಸ್ವಲ್ಪ ಹೆಚ್ಚೇ ಎಚ್ಚರ ಬೇಕು. ಅಡುಗೆಮನೆಯ ಒರಸು ಬಟ್ಟೆ, ಮಸಾಜ್ ಎಣ್ಣೆಯ ಟವೆಲ್ ಒಗೆದ ಮೇಲೂ ನಾರಿನೊಳಗೆ ಎಣ್ಣೆಯ ಅಂಶ ಉಳಿಸಿಕೊಂಡಿರಬಹುದು. ಸಸ್ಯಜನ್ಯ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುತ್ತಾ ತಾನೇ ಶಾಖ ಹುಟ್ಟಿಸುತ್ತದೆ. ಬಿಸಿ ಬಟ್ಟೆಯ ಒತ್ತಾದ ರಾಶಿಯಲ್ಲಿ ಆ ಶಾಖ ಹೊರಹೋಗಲಾರದೆ ಏರುತ್ತಾ ಹೋಗಿ ಬೆಂಕಿ ಹೊತ್ತಿಕೊಂಡದ್ದುಂಟು. ಒಣಗಿಸುವಿಕೆಯ ಕೊನೆಯ ಹತ್ತು ಹದಿನೈದು ನಿಮಿಷ ಹೀಟರ್ ಆರಿ ಬರೀ ಗಾಳಿ ಹಾಯುವುದು ಇದನ್ನು ತಪ್ಪಿಸಲಿಕ್ಕೂ ಹೌದು. ಅವಸರಕ್ಕೆ ಯಂತ್ರವನ್ನು ಮಧ್ಯದಲ್ಲೇ ನಿಲ್ಲಿಸಿದರೆ ಬಟ್ಟೆಯನ್ನು ಒಳಗೆ ಬಿಡದೆ ತಕ್ಷಣ ತೆಗೆದು ಹರವಿ.

## ನಾರಿನ ಧೂಳು, ಮುಗ್ಗಲು ವಾಸನೆ

ಬಟ್ಟೆ ಒಣಗುವಾಗ ಸಣ್ಣ ನಾರುಗಳು ಉದುರುತ್ತವೆ. ಲಿಂಟ್ ಎನ್ನುವುದು ಇದನ್ನೇ. ಪ್ರತ್ಯೇಕ ಡ್ರೈಯರಿನಲ್ಲಿ ಅದನ್ನು ಹಿಡಿಯುವ ಜರಡಿ ಬಾಗಿಲ ಬಳಿಯೇ ಇರುತ್ತದೆ, ಪ್ರತಿ ಸಲ ತೆಗೆದು ಕೊಡವುತ್ತೀರಿ. ಹಲವು ವಾಷರ್-ಡ್ರೈಯರುಗಳಲ್ಲಿ ಹಾಗೆ ಕೈಗೆ ಸಿಗುವ ಜರಡಿಯೇ ಇಲ್ಲ. ನಾರು ತಂಪಿನ ನೀರಿನ ಜೊತೆ ಕೊಚ್ಚಿಹೋಗುತ್ತದೆ ಎಂಬುದು ವಿನ್ಯಾಸದ ಆಶಯ. ಹೆಚ್ಚಿನದು ಹೋಗುತ್ತದೆ, ಹೋಗದ್ದು ಬಾಗಿಲ ರಬ್ಬರ್ ಪಟ್ಟಿಯ ಮಡಿಕೆಯಲ್ಲಿ, ಗಾಳಿಯ ಕೊಳವೆಯಲ್ಲಿ, ಪಂಪಿನ ಫಿಲ್ಟರಿನಲ್ಲಿ ಕೂರುತ್ತದೆ. ಟವೆಲ್ ಒಣಗಿಸಿದ ಮರುದಿನ ಕಪ್ಪು ಬಟ್ಟೆ ಒಗೆದು ನೋಡಿದವರಿಗೆ ಇದು ಗೊತ್ತು. ಟವೆಲ್ ಆದ ಮೇಲೆ ಬಟ್ಟೆ ಹಾಕದೆ ಒಂದು ಸಣ್ಣ ಜಾಲಿಸುವ ಸುತ್ತು ಓಡಿಸಿ, ಒದ್ದೆ ಬಟ್ಟೆಯಿಂದ ರಬ್ಬರಿನ ಮಡಿಕೆ ಬಿಡಿಸಿ ಒರೆಸಿದರೆ ಬಹುಪಾಲು ಹೋಗುತ್ತದೆ. ಕೆಳಗಿನ ಮೂಲೆಯ ಚಿಕ್ಕ ಮುಚ್ಚಳದ ಹಿಂದಿರುವ ಪಂಪಿನ ಫಿಲ್ಟರನ್ನು ತಿಂಗಳಿಗೊಮ್ಮೆ ತಿರುಗಿಸಿ ತೆಗೆಯಿರಿ. ತಟ್ಟೆ ಇಟ್ಟುಕೊಂಡೇ ತೆಗೆಯಿರಿ, ಒಳಗೆ ನಿಂತ ನೀರು ಸುರಿಯುತ್ತದೆ. ವರ್ಷಗಳು ಕಳೆದಂತೆ ಒಣಗುವ ಹೊತ್ತು ಏರುತ್ತಾ ಹೋಗುತ್ತಿದ್ದರೆ ಗಾಳಿಯ ಕೊಳವೆಯಲ್ಲಿ ನಾರು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಅದನ್ನು ಬಿಚ್ಚಿ ತೆಗೆಯುವುದು ಮೆಕ್ಯಾನಿಕ್ ಕೆಲಸ.

ಒಗೆದ ಬಟ್ಟೆಗೆ ಬರುವ ಮುಗ್ಗಲು ವಾಸನೆಯ ಹಿಂದೆ ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಇರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ತೇವ ಬಹಳ ಹೊತ್ತು ಉಳಿದರೆ ಅದಕ್ಕೆ ಹಬ್ಬ. ವಾಷರ್-ಡ್ರೈಯರ್ ಗೆಲ್ಲುವುದು ಇಲ್ಲಿಯೇ: ಒದ್ದೆ ಬಟ್ಟೆ ಡ್ರಮ್ಮಿನಲ್ಲಿ ಕಾಯುತ್ತಾ ಕೂರುವುದಿಲ್ಲ, ಒಗೆತ ಮುಗಿದ ಕೂಡಲೇ ಒಣಗಲು ತೊಡಗುತ್ತದೆ. ಮನೆಯೊಳಗೇ ಹಗ್ಗದ ಮೇಲೆ ಒಣಗಿಸಿದರೆ ಒಂದು ಸರದಿಯ ಎರಡು ಎರಡೂವರೆ ಲೀಟರ್ ನೀರೆಲ್ಲ ಕೋಣೆಯ ಗಾಳಿಗೆ ಸೇರುತ್ತದೆ. ಕಿಟಕಿ ಕಡಿಮೆಯಿರುವ ಮನೆಯಲ್ಲಿ ಅದು ಕಪಾಟಿನ ಹಿಂದೆ, ತಣ್ಣನೆಯ ಗೋಡೆಯ ಮೂಲೆಯಲ್ಲಿ ಬೂಸ್ಟಾಗಿ ಕಾಣಿಸಿಕೊಳ್ಳುತ್ತದೆ.

ಯಂತ್ರದ್ದೇ ವಾಸನೆ ಬಂದರೆ ಸಾಮಾನ್ಯವಾಗಿ ಕಾರಣ ಹೆಚ್ಚು ಡಿಟರ್ಜೆಂಟ್ ಮತ್ತು ಸದಾ ತಣ್ಣೀರಿನ ಒಗೆತ. ಫ್ರಂಟ್ ಲೋಡಿಗೆಂದೇ ಮಾಡಿದ ಕಡಿಮೆ ನೊರೆಯ ಡಿಟರ್ಜೆಂಟ್ ಬಳಸಿ. ನೊರೆ ಹೆಚ್ಚಾದರೆ ಯಂತ್ರ ಮತ್ತೆ ಮತ್ತೆ ಜಾಲಿಸುತ್ತದೆ, ಸ್ಪಿನ್ ವೇಗ ಏರಿಸಲು ಹಿಂಜರಿಯುತ್ತದೆ, ಕೊನೆಗೆ ಅದರ ಭಾರ ಒಣಗಿಸುವಿಕೆಯ ಮೇಲೇ ಬೀಳುತ್ತದೆ. ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ 60 ಡಿಗ್ರಿ ಅಥವಾ ಮೇಲಿನ ಶಾಖದಲ್ಲಿ ಓಡಿಸುವುದು, ಕೆಲಸ ಮುಗಿದ ಮೇಲೆ ಬಾಗಿಲನ್ನೂ ಡಿಟರ್ಜೆಂಟ್ ಡಬ್ಬಿಯನ್ನೂ ಅರೆತೆರೆದಿಡುವುದು ಸಾಕು.

## ಸಣ್ಣ ಮನೆಯಲ್ಲಿ ಕೂರಿಸುವಾಗ

ಮೊದಲು ಬಾಗಿಲುಗಳನ್ನು ಅಳೆಯಿರಿ, ಮನೆಯದ್ದೂ ಬಚ್ಚಲಿನದ್ದೂ. ಯಂತ್ರದ ಎತ್ತರ ಸಾಮಾನ್ಯವಾಗಿ 85 ಸೆಂ.ಮೀ., ಅಗಲ 60, ಆಳ 60ರ ಮೇಲೆ; ಹಿಂದೆ ಪೈಪಿಗೆ ಇನ್ನೊಂದು ಗೇಣು ಹಿಡಿಯಿರಿ. ಮುಂದಿನ ಗಾಜಿನ ಬಾಗಿಲು ಪೂರ್ತಿ ತೆರೆಯಲು ಜಾಗವಿದೆಯೇ ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ.

ಹೀಟರ್ ಓಡುವಾಗ ಯಂತ್ರ 2000 ವಾಟ್ ಆಸುಪಾಸು ಎಳೆಯಬಹುದು, ಅದೂ ಗಂಟೆಗಟ್ಟಲೆ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಅರ್ತ್ ಇರುವ ಪ್ರತ್ಯೇಕ ಪವರ್ ಸಾಕೆಟ್ಟೇ ಬೇಕು. ನೀರಿನ ಒತ್ತಡ ಕನಿಷ್ಠ 0.5 ಬಾರ್ ಇರಬೇಕೆಂದು ಹಲವು ಯಂತ್ರಗಳ ಕೈಪಿಡಿ ಹೇಳುತ್ತದೆ. ಟ್ಯಾಂಕಿನ ನೀರು 5 ಮೀಟರ್ ಎತ್ತರದಿಂದ ಇಳಿದರೆ ಅಷ್ಟು ಒತ್ತಡ ಸಿಗುತ್ತದೆ. ಟ್ಯಾಂಕಿನ ಸರಿ ಕೆಳಗಿರುವ ಮೇಲಿನ ಮಹಡಿಯ ಮನೆಗಳಿಗೆ ಇದು ಸಿಗದೇ ಹೋಗಬಹುದು. ಒಣಗಿಸಲೂ ನೀರು ಬೇಕಾದ ಬಗೆಯ ಯಂತ್ರವಾದರೆ ಕೊಳ್ಳುವ ಮೊದಲೇ ವಿಚಾರಿಸಿ.

ಸಾಗಣೆಯಲ್ಲಿ ಡ್ರಮ್ ಅಲುಗದಂತೆ ಹಿಂಬದಿಗೆ ಬಿಗಿದಿರುವ ಉದ್ದ ಬೋಲ್ಟುಗಳನ್ನು ಬಿಚ್ಚದೆ ಓಡಿಸಿದರೆ ಯಂತ್ರ ಕೋಣೆ ತುಂಬ ಕುಣಿಯುತ್ತದೆ. ಬಿಚ್ಚಿದ ಮೇಲೆ ಎಸೆಯಬೇಡಿ, ಮುಂದೆ ಮನೆ ಬದಲಿಸುವಾಗ ಬೇಕು. ನಾಲ್ಕು ಕಾಲೂ ನೆಲಕ್ಕೆ ಸಮನಾಗಿ ಊರಿದ್ದರೆ ಸ್ಪಿನ್ ಸದ್ದು ತಗ್ಗುತ್ತದೆ. ಒಣಗಿಸುವ ಸದ್ದು ಫ್ಯಾನಿನಷ್ಟೇ. ಕೆಳಮನೆಯವರ ನಿದ್ದೆ ಕೆಡಿಸುವುದು ಸ್ಪಿನ್. ತಡವಾಗಿ ಶುರುವಾಗುವಂತೆ ಟೈಮರ್ ಇಡುವವರು ಸ್ಪಿನ್ ಯಾವ ಹೊತ್ತಿಗೆ ಬರುತ್ತದೆಂದು ಲೆಕ್ಕ ಹಾಕಿ ಇಡಬೇಕು.

## ಲೇಬಲ್ ಓದುವ ಬಗೆ

ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ವಾಷರ್-ಡ್ರೈಯರುಗಳ ಮೇಲೆ ಎರಡು ದರ್ಜೆ ತೋರಿಸುವ ಲೇಬಲ್ ಇರುತ್ತದೆ. ಒಗೆದು ಒಣಗಿಸುವ ಪೂರ್ತಿ ಸುತ್ತಿಗೆ ಒಂದು, ಬರೀ ಒಗೆತಕ್ಕೆ ಇನ್ನೊಂದು, ಎರಡೂ ‘ಎ’ಯಿಂದ ‘ಜಿ’ವರೆಗಿನ ಏಣಿಯಲ್ಲಿ. ಒಂದೇ ಯಂತ್ರಕ್ಕೆ ಒಗೆತದಲ್ಲಿ ಒಳ್ಳೆಯ ದರ್ಜೆ, ಒಗೆದು ಒಣಗಿಸುವ ಪೂರ್ತಿ ಸುತ್ತಿನಲ್ಲಿ ತೀರಾ ಕೆಳಗಿನ ದರ್ಜೆ ಇರುವುದು ಅಪರೂಪವಲ್ಲ. ಇಂಥ ಲೇಬಲ್ ಇಲ್ಲದ ಕಡೆಯೂ ಕೇಳಬೇಕಾದ ಪ್ರಶ್ನೆಗಳು ಅವೇ: ಪೂರ್ತಿ ಸುತ್ತಿಗೆ ಎಷ್ಟು ಯೂನಿಟ್, ಎಷ್ಟು ಲೀಟರ್ ನೀರು, ಎಷ್ಟು ಗಂಟೆ, ಎಷ್ಟು ಕಿಲೋ ಬಟ್ಟೆಗೆ. ಅಂಗಡಿಯವರು ಬರೀ ಒಗೆತದ ಅಂಕಿ ತೋರಿಸಿದರೆ ಕೈಪಿಡಿಯ ಕೊನೆಯ ಪುಟಗಳಲ್ಲಿರುವ ಕೋಷ್ಟಕ ತೆಗೆಸಿ ನೋಡಿ.

ಜಾಗ ಎರಡು ಯಂತ್ರಕ್ಕೆ ಸಾಲುವಂತಿದ್ದರೆ ಒಂದರ ಮೇಲೊಂದು ಕೂರುವ ಬೇರೆ ಬೇರೆ ವಾಷರ್ ಮತ್ತು ಹೀಟ್ ಪಂಪ್ ಡ್ರೈಯರ್ ಕೆಲಸದಲ್ಲಿ ಮುಂದು. ನಾಲ್ಕೈದು ಜನರ ಮನೆಗೆ ನಾನು ಹೇಳುವುದು ಅದನ್ನೇ. ಬಿಸಿಲು ಬೀಳುವ ಬಾಲ್ಕನಿ ಇದ್ದು ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಒಣಗಿಸುವ ತೊಂದರೆ ಎನ್ನುವವರಿಗೆ ಒಳ್ಳೆಯ ಸ್ಪಿನ್ ಇರುವ ವಾಷರ್, ಮಡಿಸಿಡುವ ಸ್ಟ್ಯಾಂಡು, ಜೊತೆಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಸಾಕಾಗಬಹುದು. ಒಬ್ಬರು ಇಬ್ಬರೇ ಇರುವ, ಬಟ್ಟೆ ಹರವಲು ಎಲ್ಲೂ ಜಾಗವಿಲ್ಲದ, ದಿನಕ್ಕೊಂದು ಸಣ್ಣ ಸರದಿ ಹಾಕಲು ಬೇಸರವಿಲ್ಲದ ಮನೆಗೆ ವಾಷರ್-ಡ್ರೈಯರ್ ಹೊಂದುತ್ತದೆ.